ಸುಳ್ಳು ಹೇಳಿ ಪಡೆದ ರಿಫಂಡ್ ಹಲಾಲ್ ಆಗುವುದೇ?

(ರೋಣ, ನರಗುಂದ ಮತ್ತು ಗಜೇಂದ್ರಗಡದ ಮಸೀದಿಗಳಲ್ಲಿ ಮೂರು ಶುಕ್ರವಾರ ಜುಮಾ ಖುತ್ಬಾಕ್ಕೆ ಮುಂಚೆ ಮಾಡಿದ ಬಯಾನ್‌ನ ಸಾರಾಂಶ. ಬಯಾನ್ ಉರ್ದುವಿನಲ್ಲಿತ್ತು. ಮನೆಯಲ್ಲಿ ತಾಯಂದಿರೂ ಮಕ್ಕಳೂ ಓದಲೆಂದು ಕನ್ನಡದಲ್ಲಿ ಬರೆದುಕೊಟ್ಟಿದ್ದೇನೆ.)

ಸರ್ವ ಸ್ತುತಿ ಅಲ್ಲಾಹನಿಗೆ. ಅಂತಿಮ ಪ್ರವಾದಿ ಹಜರತ್ ಮುಹಮ್ಮದ್ ಮುಸ್ತಫಾ(ಸ)ರ ಮೇಲೆ, ಅವರ ಕುಟುಂಬದವರ ಮೇಲೆ, ಸಹಾಬಿಗಳ ಮೇಲೆ ಸಲಾತ್ ಮತ್ತು ಸಲಾಮ್ ಇರಲಿ.



ಕೆಲವು ವಾರಗಳ ಹಿಂದೆ ಇಶಾ ನಮಾಝ್ ಮುಗಿದ ಮೇಲೆ ಎಲ್ಲರೂ ಹೋದರೂ ಒಬ್ಬ ಯುವಕ ಕೊನೆಯ ಸಾಲಿನಲ್ಲಿ ಕೂತೇ ಇದ್ದ. ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ, ದುಡಿದು ತಿನ್ನುವ ಹುಡುಗ. ಹತ್ತಿರ ಬಂದು ಹೇಳಿದ: "ಹಜರತ್, ನನ್ನ ಆನ್‌ಲೈನ್ ಅಕೌಂಟ್ ಬಂದ್ ಮಾಡ್ಯಾರ್ರಿ. ಅಮ್ಮೀ ಹೆಸರಿಲೆ ಹೊಸಾದು ತೆಗೀಬೇಕಂತ ಮಾಡೀನಿ. ಅದು ನಡೀತೈತೋ ಇಲ್ಲೋ ಹೇಳ್ರಿ."

ನಾನು ಯಾಕೆ ಬಂದ್ ಆಯಿತು ಎಂದು ಕೇಳಿದೆ. "ರಿಫಂಡ್ ಭಾಳ ಕೇಳಿದ್ದೀರಿ ಅಂತ ಮೆಸೇಜ್ ಬಂದೈತ್ರಿ" ಎಂದ. ಡಿಸ್ಪ್ಲೇ, ಬ್ಯಾಟರಿ, ಚಾರ್ಜರ್ ಎಲ್ಲವನ್ನೂ ಅವನು ಆ ಖಾತೆಯಿಂದಲೇ ತರಿಸುತ್ತಿದ್ದ. ಗಲ್ಲಿಯ ಹತ್ತು ಮನೆಯವರ ಬಟ್ಟೆ, ಪಾತ್ರೆ, ಚಪ್ಪಲಿಯೂ ಅದೇ ಖಾತೆಯಲ್ಲಿ ಬರುತ್ತಿದ್ದವು. ಒಬ್ಬರಿಗೆ ಸೈಜ್ ಆಗಲಿಲ್ಲ, ಒಬ್ಬರಿಗೆ ಬಣ್ಣ ಹಿಡಿಸಲಿಲ್ಲ, ಒಬ್ಬರಿಗೆ ಒಡೆದ ಡಬ್ಬಿ ಬಂತು. ಎಲ್ಲ ವಾಪಸಾತಿಯೂ ಇವನೊಬ್ಬನ ಹೆಸರಿಗೇ ಜಮಾ ಆದವು.

"ಎಲ್ಲಾ ವಾಪಸ್ಸೂ ಖರೇನ ಇದ್ದುವೇನಪಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಎರಡು ಸುಳ್ಳು ಇದ್ದುವ್ರಿ" ಎಂದ. ಒಂದು, ನಿಕಾಹ್‌ಗೆ ತೊಟ್ಟು ಬಂದ ಶೇರ್ವಾನಿಯನ್ನು ಸೈಜ್ ಸರಿಯಿಲ್ಲವೆಂದು ಪಕ್ಕದ ಮನೆಯವರು ವಾಪಸ್ ಕಳಿಸಿದ್ದು. ಇನ್ನೊಂದು ಅವನದೇ. 1,200 ರೂಪಾಯಿಯ ಇಯರ್‌ಫೋನ್ ಕೈಗೆ ಬಂದಿತ್ತು. ಬಂದಿಲ್ಲವೆಂದು ಒತ್ತಿ ಹಣ ಮರಳಿ ಪಡೆದಿದ್ದ.

ಆ ಯುವಕನ ಅನುಮತಿ ಪಡೆದೇ ಇದನ್ನು ಹೇಳುತ್ತಿದ್ದೇನೆ. ಅವನ ಊರು, ಹೆಸರು ಹೇಳುವುದಿಲ್ಲ. ಮೂರೂ ಊರುಗಳಲ್ಲಿ ಈ ಬಯಾನ್ ಮುಗಿದ ಮೇಲೆ "ನಂದೂ ಹಿಂಗ ಆಗೈತ್ರಿ" ಎಂದು ಪಕ್ಕಕ್ಕೆ ಕರೆದು ಹೇಳಿದವರು ಇದ್ದಾರೆ. ಹಾಗಾಗಿ ಇದು ಒಬ್ಬನ ವಿಷಯವಲ್ಲ.

ಶರೀಅತ್ ಕೊಟ್ಟ ಹಕ್ಕು

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಕೊಂಡ ವಸ್ತುವನ್ನು ಹಿಂದಿರುಗಿಸುವುದು ತಪ್ಪಲ್ಲ. ಆನ್‌ಲೈನ್ ಕಂಪನಿಗಳು ಹುಟ್ಟುವುದಕ್ಕೆ ಸಾವಿರದ ನಾನೂರು ವರ್ಷ ಮೊದಲೇ ನಮ್ಮ ದೀನ್ ಕೊಳ್ಳುವವನಿಗೆ ಈ ಹಕ್ಕನ್ನು ಕೊಟ್ಟಿದೆ. ನಮ್ಮ ಫಿಕ್ಹ್ ಗ್ರಂಥಗಳಲ್ಲಿ ಇದಕ್ಕೆ ಖಿಯಾರ್ ಎನ್ನುತ್ತಾರೆ, ಅಂದರೆ ಆಯ್ಕೆಯ ಹಕ್ಕು.

ವಸ್ತುವಿನಲ್ಲಿ ದೋಷವಿದ್ದರೆ ಖಿಯಾರೆ ಐಬ್. ಮಾರುವವನು ಹೇಳದ ದೋಷ ನಂತರ ಕಂಡರೆ ವಾಪಸ್ ಕೊಟ್ಟು ಹಣ ಪಡೆಯಬಹುದು. ನೋಡದೆ ಕೊಂಡದ್ದಾದರೆ ಖಿಯಾರೆ ರುಯತ್. ನೋಡಿದ ಮೇಲೆ ಬೇಡವೆನಿಸಿದರೆ ಬಿಡಬಹುದು ಎಂಬುದು ನಮ್ಮ ಹನಫಿ ಇಮಾಮರ ಮಾತು. ಮೊಬೈಲಿನಲ್ಲಿ ಫೋಟೋ ನೋಡಿ ಕೊಳ್ಳುವ ಈ ಕಾಲಕ್ಕೆ ಇದು ಎಷ್ಟು ಹೊಂದುತ್ತದೆ ನೋಡಿ. ಇಷ್ಟು ದಿನದೊಳಗೆ ವಾಪಸ್ ಕೊಡಬಹುದು ಎಂದು ಮೊದಲೇ ಮಾತಾಗಿದ್ದರೆ ಅದು ಖಿಯಾರೆ ಶರ್ತ್. ಇದ್ಯಾವುದೂ ಇಲ್ಲದಿದ್ದರೂ, ಕೊಂಡು ಪಶ್ಚಾತ್ತಾಪ ಪಟ್ಟವನಿಂದ ಮಾಲು ಮರಳಿ ಪಡೆಯುವ ವ್ಯಾಪಾರಿಗೆ ದೊಡ್ಡ ಪುಣ್ಯವಿದೆ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ.

ಆದರೆ ಈ ಹಕ್ಕಿಗೆ ಮೇರೆಯಿದೆ. ದೋಷ ಗೊತ್ತಾದ ಮೇಲೂ ವಸ್ತುವನ್ನು ಬಳಸಿದರೆ ಒಪ್ಪಿಕೊಂಡಂತೆ, ವಾಪಸ್ ಕೊಡುವ ಹಕ್ಕು ಹೋಯಿತು. ನಮ್ಮ ಕೈಯಲ್ಲೇ ಹೊಸ ದೋಷ ಹುಟ್ಟಿದರೆ, ಮಾರಿದವನು ಒಪ್ಪದೆ ಅದನ್ನು ಅವನ ತಲೆಗೆ ಕಟ್ಟುವಂತಿಲ್ಲ. ಕೆಚ್ಚಲು ಕಟ್ಟಿ ಹಾಲು ತುಂಬಿಸಿ ಮಾರಿದ ಆಡಿನ ವಿಷಯದಲ್ಲಿ ಒಂದು ಹದೀಸ್ ಇದೆ. ಮೋಸಹೋದವನು ಅದನ್ನು ಹಿಂದಿರುಗಿಸಬಹುದು, ಆದರೆ ಜೊತೆಗೆ ಒಂದು ಸಾಅ್ ಖರ್ಜೂರ ಕೊಡಬೇಕು, ಕರೆದುಕೊಂಡ ಹಾಲಿಗೆ ಬದಲಾಗಿ. ಈ ಹದೀಸಿನ ಅನುಷ್ಠಾನದಲ್ಲಿ ಇಮಾಮರ ನಡುವೆ ಭಿನ್ನಾಭಿಪ್ರಾಯವಿದೆ. ಆದರೆ ಅದರ ಪಾಠ ಎಲ್ಲರಿಗೂ ಅರ್ಥವಾಗುವಂತಿದೆ. ಮಾರಿದವನು ಮೋಸಗಾರನಾಗಿದ್ದರೂ ನೀನು ಕುಡಿದ ಹಾಲಿನ ಲೆಕ್ಕ ನಿನ್ನ ಮೇಲಿದೆ. ಹಾಗಿರುವಾಗ ಏನೂ ಮೋಸ ಮಾಡದ ವ್ಯಾಪಾರಿಯ ಶೇರ್ವಾನಿ ತೊಟ್ಟು, ಬಿರಿಯಾನಿ ಉಂಡು, ಅತ್ತರಿನ ವಾಸನೆಯ ಸಮೇತ ವಾಪಸ್ ಕಟ್ಟುವವನ ಲೆಕ್ಕ ಏನಾದೀತು?

"ಕಂಪನಿಯೇ ಕೊಟ್ಟೈತಲ್ರಿ"

ಆ ಯುವಕ ತನ್ನ ಪರವಾಗಿ ಹೇಳಿದ ಮಾತು ಇದು: "ನಾ ಕಸಗೊಂಡಿಲ್ರಿ. ಕೇಳಿದೆ, ಅವರ ಮಂಜೂರ್ ಮಾಡಿದ್ರು."

ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಹಜರತ್ ಉಮ್ಮೆ ಸಲಮಾ(ರ)ರಿಂದ ಬಂದ ಹದೀಸನ್ನು ನೆನಪಿಸಿಕೊಳ್ಳಿ. ಜನ ತಮ್ಮ ವ್ಯಾಜ್ಯಗಳನ್ನು ಪ್ರವಾದಿ(ಸ)ರ ಬಳಿ ತರುತ್ತಿದ್ದರು. ಮಾತಿನಲ್ಲಿ ಚತುರನಾದವನ ವಾದ ಕೇಳಿ ನಾನು ಅವನ ಪರ ತೀರ್ಪು ಕೊಟ್ಟಿರಬಹುದು, ಆದರೆ ಅದು ಅವನ ಸಹೋದರನ ಹಕ್ಕಾಗಿದ್ದರೆ ಅವನಿಗೆ ಸಿಕ್ಕಿದ್ದು ಬೆಂಕಿಯ ತುಂಡು, ಅದನ್ನು ತೆಗೆದುಕೊಳ್ಳದಿರಲಿ ಎಂಬ ಅರ್ಥದಲ್ಲಿ ಅವರು ಎಚ್ಚರಿಸಿದರು. ಸಹೋದರರೇ, ಸ್ವತಃ ಅಲ್ಲಾಹನ ಪ್ರವಾದಿಯ ತೀರ್ಪಿನಿಂದಲೂ ಸುಳ್ಳು ಹೇಳಿದವನಿಗೆ ಆ ಮಾಲು ಹಲಾಲ್ ಆಗಲಿಲ್ಲ. ಬೆಂಗಳೂರಲ್ಲೋ ಹೈದರಾಬಾದಲ್ಲೋ ಕೂತ ಕಸ್ಟಮರ್ ಕೇರ್‌ನವರು, ಅಥವಾ ಒಂದು ಕಂಪ್ಯೂಟರ್, ಮಂಜೂರು ಒತ್ತಿದ ಮಾತ್ರಕ್ಕೆ ಹಲಾಲ್ ಆಗುವುದೇ?

ಇನ್ನು ಕೆಲವರು ಹೇಳುತ್ತಾರೆ: "ಅದು ಕೋಟ್ಯಧಿಪತಿ ಕಂಪನಿ. 1,200 ಹೋದ್ರ ಅವರಿಗೇನ್ ಆಗ್ತೈತಿ?" ಹಿಜ್ರತ್‌ನ ರಾತ್ರಿಯನ್ನು ಯೋಚಿಸಿ. ಮಕ್ಕಾದ ಶತ್ರುಗಳು ಪ್ರವಾದಿ(ಸ)ರ ಪ್ರಾಣ ತೆಗೆಯಲು ಕಾದಿದ್ದರು. ಅದೇ ಜನರ ಅಮಾನತ್‌ಗಳು ಅವರ ಮನೆಯಲ್ಲಿದ್ದವು. ಅವನ್ನು ಒಬ್ಬೊಬ್ಬರಿಗೂ ಮುಟ್ಟಿಸಿ ಬರಲೆಂದು ಹಜರತ್ ಅಲಿ(ರ)ರನ್ನು ಬಿಟ್ಟು ಹೋದರು. ಕೊಡಬೇಕಾದವನು ಶ್ರೀಮಂತನೋ ಬಡವನೋ, ನಮ್ಮವನೋ ಪರರವನೋ ಎಂದು ಅಮಾನತ್ ನೋಡುವುದಿಲ್ಲ.

ಆ ಹಣ ಕಂಪನಿಯ ಜೇಬಿನಿಂದ ಹೋಗುತ್ತದೆ ಎಂಬುದೂ ಅನೇಕ ಸಲ ತಪ್ಪು ಎಣಿಕೆ. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಇವೆಲ್ಲ ಬಹುಮಟ್ಟಿಗೆ ಸಂತೆಯ ಕಟ್ಟೆ ಇದ್ದಂತೆ. ಕಟ್ಟೆ ಅವರದು, ಮಾಲು ಸಾವಿರಾರು ಸಣ್ಣ ವ್ಯಾಪಾರಿಗಳದು. ಗಜೇಂದ್ರಗಡ ನೇಕಾರರ ಊರು. ಒಂದು ಪಟ್ಟೇದಂಚಿನ ಸೀರೆಯ ಹಿಂದೆ ಎಷ್ಟು ದಿನದ ಕೈಕೆಲಸ ಇದೆ ಎಂದು ಇಲ್ಲಿ ಕೂತವರಿಗೆ ನಾನು ಹೇಳಬೇಕಿಲ್ಲ. ಅಂಥದ್ದೊಂದು ಸೀರೆ ಅರಿಶಿನದ ಕಲೆ ಹೊತ್ತು ವಾಪಸ್ ಬಂದರೆ ಹೋಗಿಬರುವ ಸಾಗಾಟದ ಖರ್ಚು ಅನೇಕ ಸಲ ಮಾರಿದವನ ಮೇಲೆಯೇ ಬೀಳುತ್ತದೆ. ಆ ಸೀರೆಯನ್ನು ಅವನು ಮತ್ತೆ ಹೊಸದೆಂದು ಮಾರುವಂತಿಲ್ಲ. ಮಾರಿದರೆ ಅವನೂ ಮೋಸಗಾರನಾದ. ನಮ್ಮ ಒಂದು ಸುಳ್ಳು ಇನ್ನೊಬ್ಬನನ್ನೂ ಹರಾಮಿನ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

ಅಳೆದು ಪಡೆಯುವವರು

ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ(ಸ)ರು ಕೈ ಹಾಕಿ ನೋಡಿದಾಗ ಒಳಗೆ ತೇವವಿತ್ತು. ಮೇಲೆ ಒಣಗಿದ್ದು, ಕೆಳಗೆ ನೆನೆದದ್ದು. ಮೋಸ ಮಾಡುವವನು ನಮ್ಮವನಲ್ಲ ಎಂದು ಆಗ ಅವರು ಎಚ್ಚರಿಸಿದರು. ನಮ್ಮಲ್ಲಿ ಈರುಳ್ಳಿ ಚೀಲದ ಬಾಯಲ್ಲಿ ದಪ್ಪ ಗಡ್ಡೆ, ತಳದಲ್ಲಿ ಕೊಳೆತದ್ದು ಇಟ್ಟರೆ ಅಡತಿ ಅಂಗಡಿಯವರು ಏನೆನ್ನುತ್ತಾರೆ ಎಂದು ರೋಣ, ನರಗುಂದದ ರೈತರಿಗೆ ಗೊತ್ತು. ಹೊಸ ಫೋನಿನ ಡಬ್ಬಿಯಲ್ಲಿ ಹಳೆಯ ಫೋನ್ ಇಟ್ಟು ವಾಪಸ್ ಕಳಿಸುವುದು ಅದೇ ಕೆಲಸ. ಆ ಹದೀಸ್ ಅಂಗಡಿಯವರಿಗೆ ಮಾತ್ರ ಎಂದುಕೊಂಡೆವು. ವಾಪಸ್ ಕಟ್ಟುವಾಗ ಡಬ್ಬಿ ತುಂಬುವವರು ನಾವೇ ಎಂಬುದನ್ನು ಮರೆತೆವು.

ಸೂರಾ ಅಲ್-ಮುತಫ್ಫಿಫೀನ್‌ನ ಆರಂಭದಲ್ಲಿ ಅಲ್ಲಾಹನು ವಿನಾಶದ ಎಚ್ಚರಿಕೆ ಕೊಟ್ಟಿರುವುದು ತಾವು ಪಡೆಯುವಾಗ ಪೂರ್ತಿ ಅಳೆಸಿಕೊಂಡು, ಇತರರಿಗೆ ಕೊಡುವಾಗ ಕಡಿಮೆ ಮಾಡುವ ಜನರಿಗೆ. ಪಾರ್ಸಲ್ ಬರುವಾಗ ಒಂದು ಗೀರು ಇರಬಾರದು, ಹೋಗುವಾಗ ಏನಿದ್ದರೂ ನಡೆಯುತ್ತದೆ ಎನ್ನುವವನು ಈ ಆಯತ್‌ಗಳನ್ನು ಓದಿಕೊಳ್ಳಲಿ.

ಅಂಗಡಿಯವನ ಮುಖ ನೋಡಿ ಇಂಥ ಸುಳ್ಳು ಹೇಳಲು ನಮಗೆ ನಾಚಿಕೆಯಾಗುತ್ತದೆ. ಉದ್ರಿ ಕೊಟ್ಟವನು, ಮದುವೆ ಮೈಯತ್‌ಗೆ ಬಂದವನು, ಎದುರಿಗೆ ನಿಂತಿರುತ್ತಾನೆ. ಮೊಬೈಲಿಗೆ ಮುಖವಿಲ್ಲ. ಆದರೆ ಒತ್ತುವ ಬೆರಳನ್ನು ಅಲ್ಲಾಹನು ನೋಡುತ್ತಿದ್ದಾನೆ.

ನಿಜವಾಗಿ ಮೋಸಹೋದವನ ಗತಿ

2022ರ ಅಕ್ಟೋಬರಿನಲ್ಲಿ, ದೀಪಾವಳಿ ಮಾರಾಟದ ಹೊತ್ತಿಗೆ, ಮಂಗಳೂರಿನ ಒಬ್ಬ ಗ್ರಾಹಕರು ಫ್ಲಿಪ್‌ಕಾರ್ಟ್‌ನಲ್ಲಿ ಲ್ಯಾಪ್‌ಟಾಪ್ ತರಿಸಿದರೆ ಡಬ್ಬಿಯಲ್ಲಿ ದೊಡ್ಡ ಕಲ್ಲು ಬಂದಿತ್ತು. ಕೊನೆಗೆ ಹಣ ಮರಳಿಸಲಾಯಿತು. ಅಂದರೆ ಖಾಲಿ ಡಬ್ಬಿ, ಕಲ್ಲು, ನಕಲಿ ಮಾಲು ಬರುವುದು ಸುಳ್ಳಲ್ಲ.

ಇನ್ನೊಂದು ಪಕ್ಕವೂ ಇದೆ. 2023ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿಯನ್ನು ಪೊಲೀಸರು ಬಂಧಿಸಿದರು. ದುಬಾರಿ ಫೋನು, ಲ್ಯಾಪ್‌ಟಾಪ್ ತರಿಸಿ ವಾಪಸ್ ಮಾಡಿದಂತೆ ತೋರಿಸಿ ಅಮೆಜಾನ್‌ನಿಂದ ರಿಫಂಡ್ ಪಡೆದ ಆರೋಪ, ಮೊತ್ತ ಸುಮಾರು 20 ಲಕ್ಷ ರೂಪಾಯಿ. 2024ರಲ್ಲಿ ಮಂಗಳೂರಿನಲ್ಲಿ ಪಾರ್ಸಲ್‌ಗಳ ಸ್ಟಿಕ್ಕರ್ ಅದಲುಬದಲು ಮಾಡಿ 11 ಲಕ್ಷಕ್ಕೂ ಹೆಚ್ಚು ವಂಚಿಸಿದ ಆರೋಪದಲ್ಲಿ ಹೊರರಾಜ್ಯದ ಇಬ್ಬರನ್ನು ಪೊಲೀಸರು ಹಿಡಿದರು. ಕಾನೂನಿನಲ್ಲೂ ಇದು ಸಣ್ಣ ಮಾತಲ್ಲ. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ವಂಚನೆಯ ಬಗ್ಗೆಯೇ ಇದೆ.

ಇಂಥ ಮೋಸ ಹೆಚ್ಚಿದಂತೆ ಕಂಪನಿಗಳು ಗ್ರಾಹಕರ ಲೆಕ್ಕ ಇಡತೊಡಗಿದವು. ಎಷ್ಟು ಕೊಂಡ, ಎಷ್ಟು ವಾಪಸ್ ಕೊಟ್ಟ, ಎಷ್ಟು ಸಲ ಬಂದಿಲ್ಲವೆಂದ, ಯಾವ ವಿಳಾಸ, ಯಾವ ಫೋನ್. 2018ರಲ್ಲಿ ಅಮೇರಿಕದಲ್ಲಿ ಅಮೆಜಾನ್ ಹೀಗೆ ಗ್ರಾಹಕರ ಖಾತೆ ಮುಚ್ಚಿದ್ದು ದೊಡ್ಡ ಸುದ್ದಿಯಾಗಿತ್ತು. ಎಚ್ಚರಿಕೆಯನ್ನೇ ಕೊಡಲಿಲ್ಲವೆಂದು ಕೆಲವರು ದೂರಿದ್ದರು. ಈಗ ಅದು ನಮ್ಮ ಗಲ್ಲಿಗೂ ಬಂದಿದೆ.

ಹಜರತ್ ಹಕೀಮ್ ಬಿನ್ ಹಿಝಾಮ್(ರ)ರಿಂದ ಬಂದ ಹದೀಸಿನ ಸಾರವಿಷ್ಟು: ಕೊಳ್ಳುವವನೂ ಮಾರುವವನೂ ಸತ್ಯ ನುಡಿದು, ಇರುವುದನ್ನು ಬಿಚ್ಚಿ ಹೇಳಿದರೆ ಅವರ ವ್ಯಾಪಾರದಲ್ಲಿ ಬರಕತ್ ಇರುತ್ತದೆ. ಮುಚ್ಚಿಟ್ಟು ಸುಳ್ಳಾಡಿದರೆ ಆ ಬರಕತ್ ಅಳಿದುಹೋಗುತ್ತದೆ. ಇಬ್ಬರಿಗೂ ಒಂದೇ ನಿಯಮ. ಬರಕತ್ ಅಳಿಯುವುದು ಅಂದರೇನು ಎಂಬುದು ಈಗ ಕಣ್ಣೆದುರಿಗಿದೆ. ಹತ್ತು ಜನ ಸುಳ್ಳು ಹೇಳಿದ್ದರಿಂದ, ಹನ್ನೊಂದನೆಯವಳು ಬಡ ವಿಧವೆ, ಹೊಲಿಗೆ ಮಷೀನ್ ತರಿಸಿ ಮುರಿದ ಮಷೀನ್ ಬಂದವಳು, ನಿಜ ಹೇಳಿದರೂ ಯಾರೂ ನಂಬುವುದಿಲ್ಲ. ಸುಳ್ಳು ರಿಫಂಡ್ ಪಡೆದವನು ಅವಳ ಹಕ್ಕನ್ನೂ ತಿಂದ.

ಖಾತೆ ಬಂದ್ ಆದವರು ಏನು ಮಾಡಬೇಕು?

ತಪ್ಪು ಮಾಡದೆ ಖಾತೆ ಕಳೆದುಕೊಂಡವರಿದ್ದರೆ ಸುಮ್ಮನೆ ಕೂರಬೇಡಿ. ಸುದ್ದಿ ಬಂದಾಗ ಪರಿಶೀಲಿಸಿ ತಿಳಿಯಬೇಕೆಂದು ಕುರ್‌ಆನ್ ಸೂರಾ ಅಲ್-ಹುಜುರಾತ್‌ನಲ್ಲಿ ಕಲಿಸಿದೆ. ವಿಚಾರಿಸದೆ, ಯಂತ್ರದ ಲೆಕ್ಕ ನೋಡಿ ಪ್ರಾಮಾಣಿಕನನ್ನು ಕಳ್ಳರ ಪಟ್ಟಿಗೆ ಸೇರಿಸುವುದು ಕಂಪನಿಯ ಕಡೆಯ ಅನ್ಯಾಯ. ಅದನ್ನು ಪ್ರಶ್ನಿಸುವ ದಾರಿ ಕಾನೂನಿನಲ್ಲಿದೆ. 2020ರ ಗ್ರಾಹಕ ರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಕಂಪನಿಗೂ ಒಬ್ಬ ದೂರು ಪರಿಹಾರ ಅಧಿಕಾರಿ ಇರಬೇಕು. 48 ಗಂಟೆಯೊಳಗೆ ದೂರು ತಲುಪಿದೆಯೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದೂ ಆಗದಿದ್ದರೆ ಗದಗಿನಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ.

ಮುಂದೆಯೂ ಎಚ್ಚರವಿರಲಿ. ದುಬಾರಿ ಪಾರ್ಸಲ್ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ. ಬಿಲ್ಲು, ಫೋಟೋ, ಮೆಸೇಜ್ ಅಳಿಸಬೇಡಿ. ಮಾಲು ನೋಡದೆ ಒಟಿಪಿ ಹೇಳಬೇಡಿ. ಈದ್ ಬಂತೆಂದು ನಾಲ್ಕು ಸೈಜ್ ತರಿಸಿ ಮೂರು ವಾಪಸ್ ಮಾಡುವ ಅಭ್ಯಾಸ ಬಿಡಿ. ಅದು ಹರಾಮಲ್ಲದಿದ್ದರೂ ಪರರಿಗೆ ಕೊಡುವ ತೊಂದರೆ. ಒಂದೇ ಖಾತೆಯಲ್ಲಿ ಗಲ್ಲಿಯವರೆಲ್ಲರ ಆರ್ಡರ್ ಮಾಡಬೇಡಿ. ಮಾಡುವುದಾದರೆ, ಯಾರ ಸುಳ್ಳಿಗೂ ನಿಮ್ಮ ಬೆರಳು ಕೊಡಬೇಡಿ.

ತಾಯಿಯ ಹೆಸರಲ್ಲಿ ಹೊಸ ಖಾತೆ ತೆರೆಯುವ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದು: ತಾಯಿ ತನಗಾಗಿ ತೆರೆದು ತಾನೇ ಬಳಸಿದರೆ ಅವರ ಇಷ್ಟ. ನೀನು ನೀನಲ್ಲವೆಂದು ತೋರಿಸಲು ಅವರ ಹೆಸರಿನ ಹಿಂದೆ ಅಡಗುವುದಾದರೆ ಅದು ಮೂರನೆಯ ಸುಳ್ಳು. ಒಪ್ಪಿಕೊಂಡ ಷರತ್ತಿಗೆ ಮುಸ್ಲಿಮನು ಬದ್ಧ. ವಿಳಾಸ ಅದೇ, ಫೋನ್ ಅದೇ ಎಂದು ನಾಳೆ ಆ ಖಾತೆಯೂ ಬಂದ್ ಆಗಬಹುದು. ಆಗ ಏನೂ ತಿಳಿಯದ ತಾಯಿಯ ಹೆಸರು ಕೆಡುತ್ತದೆ.

ತೌಬಾದ ದಾರಿ

ಪರರ ಹಕ್ಕು ತಿಂದವನ ತೌಬಾ ಬರೀ ಅಸ್ತಗ್‌ಫಾರ್‌ನಿಂದ ಮುಗಿಯುವುದಿಲ್ಲ. ಹಕ್ಕು ಮರಳಿಸಬೇಕು. ಕಿಯಾಮತ್‌ನ ದಿನ ನಮಾಝ್, ರೋಝಾ, ಝಕಾತ್ ಎಲ್ಲ ಹೊತ್ತು ಬಂದರೂ, ಅವರಿವರ ಮಾಲು ತಿಂದದ್ದಕ್ಕೆ ಪುಣ್ಯವನ್ನೆಲ್ಲ ಹಂಚಿಕೊಟ್ಟು ಬರಿಗೈಯಾಗುವವನೇ ನಿಜವಾದ ದಿವಾಳಿಕೋರ ಎಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಹಾಗಾಗಿ ಸುಳ್ಳು ರಿಫಂಡ್ ಪಡೆದವರು ಆ ಕಂಪನಿಗೋ ವ್ಯಾಪಾರಿಗೋ ಬರೆದು ಹಣ ಹಿಂದಿರುಗಿಸಲಿ. ಎಲ್ಲ ಪ್ರಯತ್ನದ ಮೇಲೂ ಹಕ್ಕುದಾರ ಸಿಗದಿದ್ದರೆ, ತನಗೆ ಪುಣ್ಯ ಬರಲೆಂಬ ನಿಯ್ಯತ್ ಇಲ್ಲದೆ, ಹಕ್ಕುದಾರನ ಪರವಾಗಿ ಬಡವರಿಗೆ ಕೊಟ್ಟುಬಿಡಲಿ.

ಬುಖಾರಿ, ಮುಸ್ಲಿಮ್‌ನಲ್ಲಿ ಒಂದು ಹಳೆಯ ಕಾಲದ ಸಂಗತಿ ಇದೆ. ಒಬ್ಬನು ಜಮೀನು ಕೊಂಡ, ಅದರಲ್ಲಿ ಬಂಗಾರ ತುಂಬಿದ ಗಡಿಗೆ ಸಿಕ್ಕಿತು. ಅವನು ಗಡಿಗೆ ಹೊತ್ತು ಮಾರಿದವನ ಬಳಿ ಹೋದ: ನಾನು ಕೊಂಡದ್ದು ನೆಲ, ಬಂಗಾರವಲ್ಲ, ತಗೋ. ಅವನು ಒಪ್ಪಲಿಲ್ಲ: ನೆಲವನ್ನು ಅದರಲ್ಲಿರುವುದರ ಸಮೇತ ಮಾರಿದ್ದೇನೆ. ಇಬ್ಬರೂ ನ್ಯಾಯಕ್ಕೆ ಹೋದರು. ತೀರ್ಪು ಕೊಡುವವನು ಒಬ್ಬನ ಮಗನಿಗೂ ಇನ್ನೊಬ್ಬನ ಮಗಳಿಗೂ ಮದುವೆ ಮಾಡಿಸಿ, ಆ ಬಂಗಾರವನ್ನು ಅವರಿಗೆ ಖರ್ಚು ಮಾಡಿ, ಸದಕಾ ಕೊಡಿ ಎಂದ. ಅದೂ ಒಂದು ವಾಪಸಾತಿಯೇ.

ಈಗ ಆ ಯುವಕನ ಮಾತು ಮುಗಿಸುತ್ತೇನೆ. ಕಂಪನಿಗೆ ಬರೆಯುವ ಮೊದಲು ನಾನು ಒಂದು ಕೇಳಿದೆ: "ಆ ಇಯರ್‌ಫೋನ್ ತಂದು ಕೊಟ್ಟವನು ಯಾರು?" ಅವನು ತಲೆ ತಗ್ಗಿಸಿದ. ಪಾರ್ಸಲ್ ತಂದವನು ಮಗ್ಗುಲ ಗಲ್ಲಿಯ ಹುಡುಗ. ಅವನ ತಂದೆ ಇದೇ ಮಸೀದಿಯ ಮೊದಲ ಸಾಲಿನ ನಮಾಝಿ. ಮರುದಿನ ಅಸರ್ ಬಳಿಕ ಇಬ್ಬರನ್ನೂ ಕೂರಿಸಿದೆ. ಯುವಕ ಎಲ್ಲ ಹೇಳಿ 1,200 ರೂಪಾಯಿ ಮುಂದಿಟ್ಟ. ಪಾರ್ಸಲ್ ಹುಡುಗ ರೊಕ್ಕ ನೋಡುತ್ತ ಕೂತ.

"ಆ ತಿಂಗಳ ಪಗಾರದಾಗ ಹಿಡಕೊಂಡ್ರು" ಎಂದ. "ನಾನ ಎಲ್ಲೋ ದಾರ್ಯಾಗ ಕಳದಿರಬೇಕು ಅಂತ ತಿಳಕೊಂಡಿದ್ದೆ. ಅಬ್ಬಾ ಭಾಳ ಬೈದಿದ್ರು, ನಿನಗ ಕೆಲಸದ ಮ್ಯಾಲೆ ಲಕ್ಷ್ಯ ಇಲ್ಲ ಅಂತ."

ನಷ್ಟ ಹೊತ್ತವನೇ ಆ ಹಣದ ಹಕ್ಕುದಾರ. ಆದ್ದರಿಂದ ಅದು ಅವನಿಗೇ ಸೇರಬೇಕೆಂದು ಹೇಳಿದೆ. ಅವನು ತೆಗೆದುಕೊಂಡ. ಯುವಕ ಮಾಫಿ ಕೇಳಿದಾಗ ಒಂದೇ ಮಾತು ಹೇಳಿದ: "ರೊಕ್ಕ ಬಂತು, ಆತು. ಆದರ ನೀ ಮನೀಗೆ ಬಂದು ಅಬ್ಬಾಗ ಹೇಳಬೇಕು, ನಾ ಕಳದಿಲ್ಲ ಅಂತ."

ಅಂದು ರಾತ್ರಿಯೇ ಹೋಗಿ ಹೇಳಿದ್ದಾನೆ. ಶೇರ್ವಾನಿಯ ಮನೆಯವರೊಂದಿಗೂ ಮಾತಾಡಿ, ಅದರ ಹಣ ಮರಳಿಸುತ್ತೇವೆಂದು ಕಂಪನಿಗೆ ಸತ್ಯ ಬರೆದಿದ್ದಾನೆ. ಖಾತೆ ಇನ್ನೂ ತೆರೆದಿಲ್ಲ. ತೆರೆಯದೆಯೂ ಇರಬಹುದು. ಬಿಡಿಭಾಗಗಳನ್ನು ಈಗ ಹುಬ್ಬಳ್ಳಿಗೆ ಹೋಗಿ ತರುತ್ತಾನೆ, ಬಸ್ಸಿನ ಖರ್ಚು ಬೀಳುತ್ತದೆ. ಆದರೂ ಹಿಂದಿನಂತೆ ಕೊನೆಯ ಸಾಲಿನಲ್ಲಿ ಅಡಗಿ ಕೂರುವುದಿಲ್ಲ.

ಸಹೋದರರೇ, ಮನೆಗೆ ಹೋದ ಮೇಲೆ ನಿಮ್ಮ ನಿಮ್ಮ ಮೊಬೈಲಿನಲ್ಲಿ ಹಳೆಯ ಆರ್ಡರ್‌ಗಳನ್ನು ಒಮ್ಮೆ ನೋಡಿಕೊಳ್ಳಿ. ಹಿಂದಿರುಗಿಸಬೇಕಾದದ್ದು ಇದ್ದರೆ ಇಲ್ಲೇ ಹಿಂದಿರುಗಿಸಿ. ಅಲ್ಲಿ ಕೊಡಲು ನಮ್ಮ ಬಳಿ ನಮಾಝ್, ರೋಝಾಗಳ ಹೊರತು ಬೇರೇನೂ ಇರುವುದಿಲ್ಲ.

ಯಾ ಅಲ್ಲಾಹ್, ನಮ್ಮ ದುಡಿಮೆಯನ್ನೂ ನಮ್ಮ ಖರೀದಿಯನ್ನೂ ಹಲಾಲ್ ಮಾಡು. ನಮ್ಮ ನಾಲಿಗೆಯನ್ನೂ ಬೆರಳನ್ನೂ ಸುಳ್ಳಿನಿಂದ ಕಾಪಾಡು. ನಮ್ಮಿಂದ ನಷ್ಟ ಹೊಂದಿದವರ ಹಕ್ಕನ್ನು ಮುಟ್ಟಿಸುವ ಶಕ್ತಿ ಕೊಡು. ಅನ್ಯಾಯಕ್ಕೆ ಒಳಗಾದವರಿಗೆ ನ್ಯಾಯ ಕೊಡಿಸು. ಆಮೀನ್.